ಕಣ್ಣಿಗೆ ಕಾಣದ ಊನ

ಕಾಲಿಲ್ಲದವನು ಬಸ್ಸು ಹತ್ತಿದರೆ ಎದ್ದು ಸ್ಥಳ ಬಿಟ್ಟುಕೊಡುವ ಸೌಜನ್ಯ ನಮ್ಮ ಸಮಾಜದಲ್ಲಿ ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. ಊರುಗೋಲು, ಕಪ್ಪು ಕನ್ನಡಕ, ಕಿವಿಯ ಯಂತ್ರ, ಇವುಗಳಲ್ಲಿ ಯಾವುದಾದರೊಂದು ಕಣ್ಣಿಗೆ ಬಿದ್ದರೆ ಸಾಕು, ಸಾಲಿನಲ್ಲಿ ನಿಂತವರು ತಾವಾಗಿಯೇ ದಾರಿ ಬಿಡುತ್ತಾರೆ. ಬ್ಯಾಂಕಿನ ಕೌಂಟರಿನ ಹಿಂದೆ ಇಪ್ಪತ್ತು ವರ್ಷಗಳನ್ನು ಕಳೆದಿರುವ ನಾನು ಇದನ್ನು ಪ್ರತಿ ತಿಂಗಳ ಮೊದಲ ವಾರದಲ್ಲಿ, ಪಿಂಚಣಿದಾರರು ಬರುವ ದಿನಗಳಲ್ಲಿ, ಕಾಣುತ್ತಲೇ ಬಂದಿದ್ದೇನೆ. ಆದರೆ ಅದೇ ಸಾಲಿನಲ್ಲಿ ನಿಂತ ಇಪ್ಪತ್ತೈದರ ಹರೆಯದ ತರುಣನೊಬ್ಬನು, ನಿಲ್ಲಲಾಗುತ್ತಿಲ್ಲ, ಸ್ವಲ್ಪ ಮುಂದೆ ಬಿಡಿ ಎಂದು ಕೇಳಿಕೊಂಡರೆ ಹತ್ತು ಜನ ಗದರುತ್ತಾರೆ. ಆ ತರುಣನ ರಕ್ತದಲ್ಲಿ ಏನಿದೆ ಎಂಬುದನ್ನು ಬಲ್ಲವರು ಯಾರು?

ನಾವು ನೆಲೆಸಿರುವ ಈ ವಿದರ್ಭದಲ್ಲಿ ಇದು ಕಲ್ಪನೆಯ ಮಾತಲ್ಲ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವ ಸಿಕಲ್ ಸೆಲ್ ಎಂಬ ಆನುವಂಶಿಕ ರೋಗ ಇಲ್ಲಿಯ ಆದಿವಾಸಿ ಹಾಗೂ ಪರಿಶಿಷ್ಟ ಜಾತಿಗಳ ಅನೇಕ ಕುಟುಂಬಗಳಲ್ಲಿದೆ. ನಮ್ಮ ಮೈಸೂರು, ಚಾಮರಾಜನಗರ ಜಿಲ್ಲೆಗಳ ಗಿರಿಜನರಲ್ಲಿಯೂ ಅದು ಕಂಡುಬರುತ್ತದೆ. ನೆಟ್ಟಗೆ ನಡೆದು ಬಂದ ಮನುಷ್ಯ ಒಂದು ಗಂಟೆಯ ಒಳಗೆ ಮೂಳೆ ಕೀಲುಗಳ ನೋವಿನಿಂದ ನೆಲಕ್ಕೆ ಕುಸಿಯಬಹುದು. ಮರುದಿನ ಕೆಲಸಕ್ಕೆ ಬಂದರೆ ಮೇಸ್ತ್ರಿಯು ಅವನಿಗೆ ಮೈಗಳ್ಳನೆಂಬ ಬಿರುದನ್ನು ದಯಪಾಲಿಸುತ್ತಾನೆ. ಅಪಸ್ಮಾರ, ಮಂದಶ್ರವಣ, ಕಲಿಕೆಯ ತೊಡಕು, ಮನೋರೋಗ ಇವೆಲ್ಲ ಇದೇ ವರ್ಗಕ್ಕೆ ಸೇರಿದವು. ಇಂಥವರು ಮೊದಲು ತಮ್ಮ ಊನವನ್ನು ಇತರರಿಗೆ ಸಿದ್ಧಪಡಿಸಿ ತೋರಿಸಬೇಕು, ಆಮೇಲೆ ಅದರೊಡನೆ ಬದುಕಬೇಕು. ಎರಡನೆಯದಕ್ಕಿಂತ ಮೊದಲನೆಯದೇ ಹೆಚ್ಚು ಆಯಾಸದ ಕೆಲಸವೆಂದು ನನ್ನ ಅಭಿಪ್ರಾಯ.

ಕಾನೂನು ಕೂಡ ಇದನ್ನು ಕಾಣಲು ಬಹಳ ಕಾಲ ತೆಗೆದುಕೊಂಡಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಕೇವಲ ಏಳು ಬಗೆಯ ಊನಗಳನ್ನು ಹೆಸರಿಸಲಾಗಿತ್ತು. 2016ರ ಕಾಯ್ದೆಯಲ್ಲಿ ಅವು ಇಪ್ಪತ್ತೊಂದಾದವು. ಸಿಕಲ್ ಸೆಲ್, ಥಲಸ್ಸೀಮಿಯಾ, ಕಲಿಕೆಯ ನ್ಯೂನತೆ ಮುಂತಾದವು ಆಗ ಪಟ್ಟಿಗೆ ಸೇರಿದವು. ಅವುಗಳ ಜೊತೆಗೆ ಸೇರಿದ ಇನ್ನೊಂದು ಹೆಸರೇ ಆಟಿಸಂ. ಈ ಲೇಖನದಲ್ಲಿ ನಾನು ವಿಶೇಷವಾಗಿ ಬರೆಯಬೇಕೆಂದಿರುವುದು ಅದನ್ನು ಕುರಿತೇ. ಕಾರಣ ಸರಳ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಆದರೆ ನನ್ನ ಅಕ್ಕನ ಮಗ ಆಟಿಸಂ ಇರುವ ಹುಡುಗ, ಮತ್ತು ಕಳೆದ ವರ್ಷ ಅವನಿಗೆ ಹದಿನೆಂಟು ತುಂಬಿತು.

ಆಟಿಸಂ ಎಂಬ ಶಬ್ದವನ್ನು ಕನ್ನಡದಲ್ಲಿ 'ಸ್ವಲೀನತೆ' ಎಂದೂ ಮರಾಠಿಯಲ್ಲಿ 'ಸ್ವಮಗ್ನತಾ' ಎಂದೂ ಕರೆಯುವ ರೂಢಿ ಬಂದಿದೆ. ಮೂಲದಲ್ಲಿ 'ತಾನು' ಎಂಬ ಅರ್ಥದ ಗ್ರೀಕ್ ಶಬ್ದವಿರುವುದರಿಂದ ಪಂಡಿತರು ಹೀಗೆ ಭಾಷಾಂತರಿಸಿರಬೇಕು. ನನಗೇಕೋ ಎರಡು ಹೆಸರುಗಳೂ ಒಪ್ಪಿಗೆಯಾಗಿಲ್ಲ. ತನ್ನಲ್ಲಿ ತಾನು ಲೀನನಾದವನು ಯೋಗಿ. ನಮ್ಮ ಹುಡುಗ ಲೀನನಾದವನಲ್ಲ, ಹೊರಗಿನಿಂದ ಮುತ್ತಿಗೆಗೆ ಒಳಗಾದವನು. ನಮಗೆ ಕೇಳಿಸದ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಅವನಿಗೆ ಕೇಳಿಸುತ್ತದೆ. ಅಂಗಿಯ ಕೊರಳಪಟ್ಟಿಯ ಚೀಟಿ ಮುಳ್ಳಿನಂತೆ ಚುಚ್ಚುತ್ತದೆ. ಒಗ್ಗರಣೆಯ ಘಾಟಿಗೆ ಮನೆಯ ಇನ್ನೊಂದು ಮೂಲೆಯಲ್ಲಿದ್ದವನು ವಾಂತಿ ಮಾಡಿಕೊಳ್ಳುತ್ತಾನೆ. ಇಷ್ಟೆಲ್ಲ ಒಟ್ಟಿಗೆ ಮೇಲೆ ಬಿದ್ದಾಗ ಕಿವಿ ಮುಚ್ಚಿಕೊಂಡು ಒಂದೇ ಸಮನೆ ತೂಗಾಡುವುದು ಅವನು ಕಂಡುಕೊಂಡಿರುವ ಕೋಟೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಪರಿಶೀಲಿಸಿ ಈ ಸ್ಥಿತಿಯನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದರು. ಮರುವರ್ಷವೇ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥದೇ ಲಕ್ಷಣಗಳಿದ್ದು ಮಾತು ಚೆನ್ನಾಗಿ ಬಲ್ಲ ಮಕ್ಕಳ ಬಗೆಗೆ ಬರೆದರು. ಮುಂದಿನ ಎರಡು ದಶಕಗಳ ಕಾಲ ಪಶ್ಚಿಮದ ಅನೇಕ ತಜ್ಞರು ತಾಯಿಯ ಪ್ರೀತಿಯ ಅಭಾವದಿಂದ ಮಗು ಹೀಗಾಗುತ್ತದೆಂದು ನಂಬಿದ್ದರು. ತಾಯಂದಿರನ್ನು ಶೀತಕಪೆಟ್ಟಿಗೆಗೆ ಹೋಲಿಸುವವರೆಗೂ ಮಾತು ಹೋಯಿತು. ತನ್ನ ಮಗನಿಗೇ ಆಟಿಸಂ ಇದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು 1964ರಲ್ಲಿ ಗ್ರಂಥವೊಂದನ್ನು ಬರೆದು ಈ ವಾದವನ್ನು ಖಂಡಿಸಿದರು. 1977ರಲ್ಲಿ ಬ್ರಿಟನ್ನಿನಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನವು ಇದರ ಬೇರು ಬಹುಮಟ್ಟಿಗೆ ಆನುವಂಶಿಕವೆಂಬುದನ್ನು ತೋರಿಸಿತು. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಪ್ರಕಟವಾದ ಪ್ರಬಂಧವೂ ಸುಳ್ಳೆಂದು ಸಾಬೀತಾಗಿ 2010ರಲ್ಲಿ ಪತ್ರಿಕೆಯೇ ಅದನ್ನು ಹಿಂದಕ್ಕೆ ಪಡೆಯಿತು. ವಿಶ್ವ ಆರೋಗ್ಯ ಸಂಸ್ಥೆ ಹಿಂದೆ ಮಾಡಿದ್ದ ಅಂದಾಜಿನಂತೆ ಸುಮಾರು ನೂರು ಮಕ್ಕಳಲ್ಲಿ ಒಂದು ಮಗುವಿಗೆ ಈ ಸ್ಥಿತಿ ಇರುತ್ತದೆ. ಇದು ಮೆದುಳಿನ ಬೆಳವಣಿಗೆಯಲ್ಲಿಯ ಭೇದ, ರೋಗವಲ್ಲ, ಅಂಟುವಂಥದಲ್ಲ, ಯಾರ ಪಾಪದ ಫಲವೂ ಅಲ್ಲ.

ಪಶ್ಚಿಮದಲ್ಲಿ ಗ್ರಂಥಗಳು ಹೇಳಿದ್ದನ್ನು ನಮ್ಮಲ್ಲಿ ಬಂಧುಗಳು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಬಸುರಿಯಲ್ಲಿ ಗ್ರಹಣ ನೋಡಿರಬೇಕು, ಮಗುವಿನ ಕೈಗೆ ಮೊಬೈಲು ಕೊಟ್ಟಿರಬೇಕು, ತಾಯಿ ಹೆಚ್ಚು ಮುದ್ದು ಮಾಡಿದಳು, ತಾಯಿ ಮುದ್ದೇ ಮಾಡಲಿಲ್ಲ. ಈ ನಾಲ್ಕೂ ಮಾತುಗಳನ್ನು ಅಕ್ಕ ಒಂದೇ ಮದುವೆಯ ಮನೆಯಲ್ಲಿ ಕೇಳಿದ್ದುಂಟು.

ಅಕ್ಕನ ಸಂಸಾರವಿರುವುದು ಖಾಪರಖೇಡಾದಲ್ಲಿ. ನಾಗಪುರದಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, ಸಾವನೇರ ತಾಲೂಕಿನಲ್ಲಿರುವ ಈ ಊರನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಐದು ಘಟಕಗಳ, 1340 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಕೇಂದ್ರ ಅಲ್ಲಿದೆ. ಸುತ್ತಲೂ ಸಿಲ್ಲೇವಾಡಾ, ವಲನಿ ಮುಂತಾದ ಕಲ್ಲಿದ್ದಲ ಗಣಿಗಳು, ಪಕ್ಕದಲ್ಲಿಯೇ ಕೊರಾಡಿ. ಭಾವನವರು ಧಾರವಾಡದ ಕಡೆಯವರು, ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರರು. ಹುಡುಗ ಹುಟ್ಟಿ ಬೆಳೆದದ್ದು ಅಲ್ಲಿಯ ಕಾಲೊನಿಯ ಕ್ವಾರ್ಟರ್ಸಿನಲ್ಲಿ. ಸಣ್ಣ ಸದ್ದಿಗೂ ಬೆಚ್ಚುವ ಮಗುವಿಗೆ ವಿಧಿ ಹುಡುಕಿಕೊಟ್ಟ ಊರಾದರೂ ಎಂಥದು ನೋಡಿ! ಬಾಯ್ಲರಿನ ಸುರಕ್ಷಾ ಕವಾಟ ತೆರೆದು ಉಗಿ ಹೊರಬಿದ್ದಾಗ ಆಗುವ ಆರ್ಭಟಕ್ಕೆ ದೊಡ್ಡವರ ಎದೆಯೇ ನಡುಗುತ್ತದೆ. ಮೊದಲ ಮೂರು ವರ್ಷ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರೆ ಮಾಡಿದ್ದಿಲ್ಲ.

ಒಂದೂವರೆ ವರ್ಷಕ್ಕೆ 'ಅವ್ವ', 'ನೀರ', 'ಬಾ' ಎನ್ನುತ್ತಿದ್ದ ಮಗು ಎರಡು ತುಂಬುವ ಹೊತ್ತಿಗೆ ಆ ಮಾತುಗಳನ್ನೂ ಬಿಟ್ಟಿತು. ಕರೆದರೆ ತಿರುಗುತ್ತಿರಲಿಲ್ಲ. ಬೇಕಾದ ವಸ್ತುವನ್ನು ಬೆರಳು ಮಾಡಿ ತೋರಿಸದೆ ತಾಯಿಯ ಮುಂಗೈ ಹಿಡಿದು ಅಲ್ಲಿಗೆ ಎಳೆದೊಯ್ಯುತ್ತಿತ್ತು. ಆಟಿಕೆಯ ಮೋಟಾರನ್ನು ಓಡಿಸದೆ ಬೋರಲು ಹಾಕಿ ಚಕ್ರವನ್ನು ಗಂಟೆಗಟ್ಟಲೆ ತಿರುಗಿಸುತ್ತಿತ್ತು. ವಾಚಕರು ದಯವಿಟ್ಟು ಈ ಲಕ್ಷಣಗಳನ್ನು ನೆನಪಿನಲ್ಲಿಡಬೇಕು. ವರ್ಷ ತುಂಬಿದರೂ ತೊದಲದ, ಹೆಸರು ಕರೆದರೆ ನೋಡದ, ಬೆರಳಿಂದ ತೋರಿಸದ, ಹದಿನಾರು ತಿಂಗಳಿಗೂ ಒಂದು ಮಾತಾಡದ, ಎರಡು ವರ್ಷಕ್ಕೂ ಎರಡು ಶಬ್ದ ಕೂಡಿಸದ, ಅಥವಾ ಬಂದ ಮಾತನ್ನು ಕಳೆದುಕೊಂಡ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. "ಗಂಡುಮಕ್ಕಳಿಗೆ ಮಾತು ತಡ" ಎಂಬ ಅಜ್ಜಿಯರ ಸಮಾಧಾನ ಆರು ತಿಂಗಳನ್ನು ಸುಮ್ಮನೆ ನುಂಗಿಹಾಕುತ್ತದೆ. ಮೊದಲು ಶ್ರವಣ ಪರೀಕ್ಷೆ, ಅನಂತರ ಮಕ್ಕಳ ಬೆಳವಣಿಗೆಯ ತಜ್ಞರ ಪರೀಕ್ಷೆ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ಸರಕಾರಿ ಕೇಂದ್ರಗಳಲ್ಲಿ ಇದಕ್ಕೆ ಶುಲ್ಕವಿಲ್ಲ.

ನಮ್ಮಂಥ ಪರಭಾಷಾ ಪ್ರಾಂತದ ಕನ್ನಡಿಗರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮಗುವಿಗೆ ಮೂರು ವರ್ಷವಾಗಿದ್ದಾಗ ಚಿಕಿತ್ಸಕರೊಬ್ಬರು ಮನೆಯಲ್ಲಿ ಒಂದೇ ಭಾಷೆ ಇರಬೇಕು, ಅದು ಹಿಂದಿಯಾದರೆ ಒಳ್ಳೆಯದು, ಕನ್ನಡವನ್ನು ಬಿಡಿ ಎಂದು ಕಟ್ಟುನಿಟ್ಟಾಗಿ ಹೇಳಿದರು. ಬೀದಿಯಲ್ಲಿ ಮರಾಠಿ, ಆಟದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಇರುವಾಗ ಮನೆಯ ಭಾಷೆಯೊಂದು ಹೆಚ್ಚಿನ ಹೊರೆ ಎಂಬುದು ಅವರ ತರ್ಕ. ಆ ತರ್ಕ ಆಗ ಎಲ್ಲರಿಗೂ ಸರಿಯೆಂದೇ ತೋರಿತು. ಒಂದು ವರ್ಷ ಆ ಮನೆಯಲ್ಲಿ ತಾಯಿತಂದೆ ಪುಸ್ತಕದ ಹಿಂದಿಯಲ್ಲಿ ಮಗುವಿಗೆ ಲಾಲಿ ಹಾಡಿದರು. ಅಕ್ಕನ ಹಿಂದಿಯನ್ನು ಬಲ್ಲವರಿಗೆ ಅದು ಎಂಥ ತಪಸ್ಸೆಂಬುದು ಗೊತ್ತು. ಮಗುವಿನ ಸಂಗಡ ಮಾತಾಡುವುದೇ ಕಡಿಮೆಯಾಯಿತು. ಏಕೆಂದರೆ ಕೋಪ, ಮುದ್ದು, ಗೊಣಗಾಟ ಯಾವುವೂ ಆ ಭಾಷೆಯಲ್ಲಿ ಬಾಯಿಗೆ ಬರುತ್ತಿರಲಿಲ್ಲ.

ಅದೇ ವರ್ಷ ಧಾರವಾಡದಿಂದ ಭಾವನವರ ತಾಯಿ ಬಂದರು. ಹಿಂದಿಯ ನಿಯಮವನ್ನು ಕೇಳಿ ಅವರು, "ನನ್ನ ಮೊಮ್ಮಗನ ಕೂಡ ನಾ ಕನ್ನಡದಾಗ ಮಾತಾಡಲಿಲ್ಲಂದ್ರ ನಾ ಎಂಥಾ ಅಜ್ಜಿ?" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ನಾಲ್ಕನೆಯ ದಿನವೋ ಐದನೆಯ ದಿನವೋ ಮಧ್ಯಾಹ್ನ ಜಗಲಿಯಲ್ಲಿ ಕುಳಿತು, ಯಾರನ್ನೂ ಉದ್ದೇಶಿಸದೆ, "ಒಂದ್ ಚಾಪಿ ತರ್ರಿ" ಎಂದರು. ಹುಡುಗ ಒಳಗೆ ಹೋಗಿ ಚಾಪೆಯನ್ನು ಎಳೆದು ತಂದು ಅಜ್ಜಿಯ ಕಾಲ ಬಳಿ ಬಿಟ್ಟು, ಯಾರನ್ನೂ ನೋಡದೆ ತನ್ನ ಚಕ್ರದ ಬಳಿಗೆ ಮರಳಿದ. ಅವನಿಗೆ ಕನ್ನಡ ತಿಳಿಯುತ್ತಿತ್ತು, ಆ ಒಂದು ವರ್ಷವೂ ತಿಳಿಯುತ್ತಿತ್ತು. ಎರಡು ಭಾಷೆಗಳ ಮನೆಯಲ್ಲಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಾಗುವುದಿಲ್ಲವೆಂದು ಈಚಿನ ಅಧ್ಯಯನಗಳು ತೋರಿಸಿವೆ. ತಾಯಿ ಯಾವ ಭಾಷೆಯಲ್ಲಿ ಸರಾಗವಾಗಿ ಮಾತಾಡಬಲ್ಲಳೋ ಅದೇ ಮಗುವಿಗೆ ಯೋಗ್ಯವಾದ ಭಾಷೆ. ನಮ್ಮ ಸಂಘದ ಸದಸ್ಯರಲ್ಲಿ ಯಾರಿಗಾದರೂ ಇಂಥ ಸಲಹೆ ಬಂದರೆ, ಕನ್ನಡದ ಅಭಿಮಾನಕ್ಕಾಗಿ ಅಲ್ಲ, ಮಗುವಿಗಾಗಿಯೇ ಎರಡನೆಯ ತಜ್ಞರನ್ನು ಕೇಳಿರೆಂದು ವಿನಂತಿ.

ಶಾಲೆಗಳ ಕಥೆಯನ್ನು ಉದ್ದ ಬೆಳೆಸುವುದಿಲ್ಲ. ಒಂದೆರಡು ಶಾಲೆಗಳು ವಿನಯದಿಂದಲೇ ಬಾಗಿಲು ಮುಚ್ಚಿದವು. ಕೊನೆಗೆ ನಾಗಪುರದ ವಿಶೇಷ ಶಾಲೆಯೊಂದಕ್ಕೆ ದಿನವೂ ಬಸ್ಸಿನ ಪ್ರಯಾಣ ಹತ್ತು ವರ್ಷ ನಡೆಯಿತು. ಅಲ್ಲಿ ಚಿತ್ರದ ಕಾರ್ಡುಗಳಿಂದ ಬೇಕುಬೇಡಗಳನ್ನು ತಿಳಿಸುವುದನ್ನು ಕಲಿತ. ಬಾಯಿಂದ ಬರುವ ಶಬ್ದಗಳು ಇಂದಿಗೂ ಸುಮಾರು ನಲವತ್ತು, ಅರ್ಧ ಕನ್ನಡ, ಅರ್ಧ ಮರಾಠಿ. ನನ್ನನ್ನು 'ಮಾಮಾ' ಎನ್ನುತ್ತಾನೆ. ಅದೃಷ್ಟವಶಾತ್ ಎರಡು ಭಾಷೆಗಳಲ್ಲಿಯೂ ಅದು ಸಲ್ಲುತ್ತದೆ.

ಈ ನಡುವೆ ಔಷಧಗಳ ಭರವಸೆಗಳು ಬಂದವು. ಭಸ್ಮ, ತಾಯಿತ, ಆಹಾರದ ಕಟ್ಟುಪಾಡು, ಇವುಗಳಿಂದ ಹೆಚ್ಚಿನ ನಷ್ಟವಿಲ್ಲವೆನ್ನೋಣ. ಕೊರಾಡಿಯ ದೇವಿಗೆ ಅಕ್ಕ ಹರಕೆ ಹೊತ್ತಿದ್ದಳು, ಅದನ್ನು ನಾನು ಆಕ್ಷೇಪಿಸುವವನಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಗ್ರಾಹಕರೊಬ್ಬರು ಮಗಳ ಆಟಿಸಂಗೆ ಕಾಂಡಕೋಶದ ಚುಚ್ಚುಮದ್ದು ಕೊಡಿಸಲು ಮನೆ ಪತ್ರಗಳನ್ನು ಅಡವಿಡುವ ಸಾಲಕ್ಕಾಗಿ ನನ್ನೆದುರು ಬಂದು ಕುಳಿತರು. ಸಾಲ ಕೊಡುವುದು ನನ್ನ ವೃತ್ತಿ. ಅಂದು ಮಾತ್ರ ಅರ್ಜಿಯನ್ನು ಪಕ್ಕಕ್ಕಿಟ್ಟು, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯನ್ನು ಅವರಿಗೆ ಓದಿ ಹೇಳಿದೆ. ಕೆಲವು ರಕ್ತರೋಗಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಕಾಂಡಕೋಶವನ್ನು ಸಿದ್ಧಚಿಕಿತ್ಸೆಯಾಗಿ ಅದು ಒಪ್ಪಿಲ್ಲ. ಅವರು ಸಾಲ ಪಡೆಯದೆ ಹೋದರು. ಬೇರೆ ಕಡೆ ಪಡೆದರೋ ಏನೋ ನಾನರಿಯೆ. ಆಟಿಸಂ ಅನ್ನು 'ವಾಸಿ' ಮಾಡುವ ಔಷಧ ಈವರೆಗೆ ಇಲ್ಲ. ವಾಕ್‌ಚಿಕಿತ್ಸೆ, ದೈನಂದಿನ ಕೆಲಸಗಳ ತರಬೇತಿ, ದಿನಚರಿಯ ಕ್ರಮ, ಜೊತೆಗೆ ಬರುವ ಅಪಸ್ಮಾರ ನಿದ್ರಾಹೀನತೆಗಳಿಗೆ ಔಷಧ, ಇವಿಷ್ಟೇ ನಂಬಬಹುದಾದ ಬಂಡವಾಳ. ಇವುಗಳ ಬಡ್ಡಿ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ.

ಕರ್ನಾಟಕದಲ್ಲಿ ಈ ಕ್ಷೇತ್ರದ ಕೆಲಸಕ್ಕೆ ದೀರ್ಘ ಇತಿಹಾಸವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಸ್ಥಾಪನೆಯಾದವು. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯವನ್ನು ಕಳೆದ ತೀತೋ ರಾಜರ್ಷಿ ಮುಖೋಪಾಧ್ಯಾಯ ಎಂಬ ಹುಡುಗ, ಮಾತು ಬಾರದಿದ್ದರೂ, ಬರೆದ ಪುಸ್ತಕವೊಂದು 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ತಾಯಿ ಸೋಮಾ ಅವನಿಗೆ ಅಕ್ಷರಫಲಕವನ್ನು ತೋರಿಸುತ್ತ ಕಲಿಸಿದ್ದರು. ಆ ಸಾಹಸ ಯಾರ ಕಣ್ಣನ್ನಾದರೂ ತೇವಗೊಳಿಸುವಂಥದು. ಆದರೂ ಬ್ಯಾಂಕಿನವನಾದ ನಾನು ಜಮೆಯ ಜೊತೆಗೆ ಖರ್ಚನ್ನೂ ತೋರಿಸಲೇಬೇಕು. ಅದೇ ಪದ್ಧತಿಯನ್ನು ಇತರ ಮಕ್ಕಳಿಗೆ ಕಲಿಸಿದಾಗ ಮಾತು ಮಗುವಿನದೋ ಫಲಕ ಹಿಡಿದವರದೋ ಎಂಬ ಸಂಶಯ ಉಳಿಯುವುದರಿಂದ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಅದನ್ನು ಬಳಸಬಾರದೆಂದು ಹೇಳಿದೆ. ಇನ್ನೊಂದು ಕಡೆ, 1947ರಲ್ಲಿ ಹುಟ್ಟಿ, ಬಹಳ ತಡವಾಗಿ ಮಾತು ಕಲಿತ ಟೆಂಪಲ್ ಗ್ರ್ಯಾಂಡಿನ್ ಎಂಬಾಕೆ ಪಶುವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ದನಗಳು ಬೆದರದಂತೆ ಸಾಗುವ ಹಾದಿಗಳನ್ನು ರೂಪಿಸಿ, ಕೊಲೊರಾಡೋದಲ್ಲಿ ಪ್ರಾಧ್ಯಾಪಕಿಯಾದರು. ತನಗೆ ಆಟಿಸಂ ಇರುವುದರಿಂದಲೇ ದನಗಳಿಗೆ ಯಾವುದು ಭಯವೆಂದು ತಿಳಿಯುತ್ತದೆ ಎಂಬುದು ಆಕೆಯ ಅಭಿಪ್ರಾಯ.

ಇಂಥ ಉದಾಹರಣೆಗಳನ್ನು ಕೇಳಿದ ಮಿತ್ರರು ಕೂಡಲೇ, "ಹಾಗಾದರೆ ನಿಮ್ಮ ಹುಡುಗನಿಗೇನು ವಿಶೇಷ ಶಕ್ತಿ ಇದೆ?" ಎಂದು ಕೇಳುತ್ತಾರೆ. ಸಿನಿಮಾಗಳ ಪ್ರಭಾವವಿರಬೇಕು. ಕಲ್ಲಿದ್ದಲಿನ ಗಾಡಿ ಬಂದಾಗ ಅವನು ಡಬ್ಬಿಗಳನ್ನು ಎಣಿಸುತ್ತಾನೆ ನಿಜ. ಐವತ್ತೆಂಟಕ್ಕೆ ಒಂದು ಕಡಿಮೆ ಇದ್ದರೂ ಅಂದು ಊಟ ಮಾಡುವುದಿಲ್ಲ. ಅದು ಶಕ್ತಿಯೋ ಕಷ್ಟವೋ ನೀವೇ ಹೇಳಿ. ಪ್ರತಿಭೆ ಇದ್ದರೆ ಮಾತ್ರ ಊನವನ್ನು ಮನ್ನಿಸುತ್ತೇವೆ ಎಂಬ ಕರಾರು ಈ ಪ್ರಶ್ನೆಯಲ್ಲಿ ಅಡಗಿದೆ. ಅದು ನನಗೆ ಹಿಡಿಸುವುದಿಲ್ಲ. ಹದಿನೈದನೆಯ ವರ್ಷದಲ್ಲಿ ತನ್ನ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡದ್ದು ಆ ಮನೆಯಲ್ಲಿ ಹೋಳಿಗೆ ಮಾಡುವಷ್ಟು ದೊಡ್ಡ ಸಂಗತಿಯಾಗಿತ್ತು.

ಕಾಲೊನಿಯ ನೆರೆಹೊರೆಯ ಬಗೆಗೆ ಹೇಳದಿದ್ದರೆ ಲೋಪವಾದೀತು. ಮೊದಮೊದಲು, ಹುಡುಗ ಕಿರುಚಿದಾಗ, "ವಹಿನಿ ಮಗುವನ್ನು ಹೊಡೆಯುತ್ತಾಳೆ" ಎಂಬ ಮಾತು ಹಬ್ಬಿತ್ತು. ಅಕ್ಕ ಒಂದು ದಿನ ಪಕ್ಕದ ಮನೆಯ ಹಿರಿಯ ಮರಾಠಿ ಹೆಂಗಸನ್ನು, ಎಲ್ಲರೂ ಕಾಕೂ ಎನ್ನುವವರನ್ನು, ಕರೆದು ಇಡೀ ಒಂದು ಮಧ್ಯಾಹ್ನ ಮನೆಯಲ್ಲಿ ಕೂಡಿಸಿಕೊಂಡಳು. ವಿವರಿಸಲಿಲ್ಲ, ತೋರಿಸಿದಳು ಅಷ್ಟೇ. ಅಲ್ಲಿಂದ ಮುಂದೆ ವಕಾಲತ್ತು ಕಾಕೂ ಅವರದು. ಗಣೇಶೋತ್ಸವದಲ್ಲಿ ಢೋಲು ಯಾವ ಹೊತ್ತಿಗೆ ಮೊಳಗುವುದೆಂದು ಮಂಡಳದ ಹುಡುಗರು ಮುಂಚೆಯೇ ಬಂದು ತಿಳಿಸುತ್ತಾರೆ. ಆ ಒಂದು ಗಂಟೆ ಭಾವನವರು ಮಗನನ್ನು ಸ್ಕೂಟರಿನ ಮೇಲೆ ಊರ ಹೊರಗೆ ಕರೆದೊಯ್ಯುತ್ತಾರೆ. ಧ್ವನಿವರ್ಧಕದ ಮುಖ ಆ ಸಾಲಿನ ಮನೆಗಳ ಕಡೆಗೆ ಇರುವುದಿಲ್ಲ. ಇದಕ್ಕೆ ತಗುಲಿದ ಖರ್ಚು ಏನೂ ಇಲ್ಲ. ನಮ್ಮ ಸಂಘದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿಯೂ ಬಾಗಿಲ ಬಳಿ, ಧ್ವನಿವರ್ಧಕದಿಂದ ದೂರದಲ್ಲಿ, ನಾಲ್ಕು ಕುರ್ಚಿಗಳನ್ನು ಇಂಥ ಕುಟುಂಬಗಳಿಗೆ ಮೀಸಲಿಟ್ಟರೆ ಅಕ್ಕನಂಥವರು ಹಲವು ವರ್ಷಗಳ ನಂತರ ಒಂದು ಕನ್ನಡ ನಾಟಕವನ್ನು ನೋಡಿಯಾರು.

ಕಾಕೂ ಅವರ ಸಂಬಂಧಿಯೊಬ್ಬರ ಝೆರಾಕ್ಸ್ ಅಂಗಡಿಯಲ್ಲಿ ಹುಡುಗನಿಗೆ ಈಗ ದಿನಕ್ಕೆ ಎರಡು ಗಂಟೆಗಳ ಕೆಲಸವಿದೆ. ಹಾಳೆಗಳನ್ನು ಕ್ರಮವಾಗಿ ಜೋಡಿಸಿ ಪಿನ್ನು ಹೊಡೆಯಬೇಕು. ಪುಟಸಂಖ್ಯೆ ತಪ್ಪಿದ್ದನ್ನು ಅವನಷ್ಟು ಬೇಗ ಹಿಡಿಯುವವರು ಇಲ್ಲವಂತೆ. ಮೊದಲ ಸಂಬಳವನ್ನು ಅವನ ಖಾತೆಗೆ ಕಟ್ಟಲು ಹೋದಾಗ ಹೊಸ ತೊಡಕು ಎದುರಾಯಿತು. ಅಪ್ರಾಪ್ತ ವಯಸ್ಕನ ಖಾತೆಯನ್ನು ತಂದೆ ಪಾಲಕನಾಗಿ ನಡೆಸುವುದು ಹದಿನೆಂಟು ತುಂಬುವವರೆಗೆ ಮಾತ್ರ. ಆ ದಿನ ಕಳೆದ ಮೇಲೆ ಖಾತೆದಾರನೇ ಸಹಿ ಮಾಡಬೇಕು. ಮಾಡಲಾರದವನ ತಂದೆಗೆ ಕಾನೂನಿನ ದೃಷ್ಟಿಯಲ್ಲಿ ಆ ಖಾತೆಯ ಮೇಲೆ ಅಧಿಕಾರವಿಲ್ಲ. ನಿಯಮ ನನಗೆ ಬಾಯಿಪಾಠ. ಅದು ನಮ್ಮ ಮನೆಯ ಹುಡುಗನಿಗೆ ಅನ್ವಯವಾದಾಗ ಅದರ ಭಾರ ಬೇರೆಯಾಗಿಯೇ ಕಂಡಿತು.

ಇಲ್ಲಿ ನನ್ನ ವೃತ್ತಿಯ ತಿಳಿವಳಿಕೆಯಿಂದ ಕೆಲವು ಸಂಗತಿಗಳನ್ನು ಹೇಳುವುದು ಉಪಯುಕ್ತವೆಂದು ಭಾವಿಸುತ್ತೇನೆ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ, ಬಹುವಿಧ ಊನ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಅದರಂತೆ ಜಿಲ್ಲಾಧಿಕಾರಿಯ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಸೇರಿದ ಸ್ಥಳೀಯ ಸಮಿತಿಯು ಹದಿನೆಂಟು ದಾಟಿದವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ತಾಯಿತಂದೆಗಳಾಗಲಿ ಬಂಧುಗಳಾಗಲಿ ಅರ್ಜಿ ಸಲ್ಲಿಸಬಹುದು. ಈ ಪ್ರಮಾಣಪತ್ರದ ಆಧಾರದ ಮೇಲೆ ಖಾತೆ ತೆರೆದು ನಡೆಸಲು ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕು 2007ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಪಾಲಕನಾದವನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನು ಒಪ್ಪಿಸಬೇಕು. ಕಾಯ್ದೆಯ ಈ ಕಲಮು ಓದಿದಾಗ ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಸಂತೋಷವಾಯಿತು. ಪ್ರೀತಿಗೂ ಲೆಕ್ಕಪರಿಶೋಧನೆ ಇರುವುದು ಒಳ್ಳೆಯದೇ. ಪಾಲಕತ್ವವು ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುತ್ತದೆಂಬ ಆಕ್ಷೇಪವೂ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ. 2016ರ ಕಾಯ್ದೆ ವ್ಯಕ್ತಿಯೊಡನೆ ಸಮಾಲೋಚಿಸಿ ನಿರ್ಧರಿಸುವ ಸೀಮಿತ ಪಾಲಕತ್ವವನ್ನು ಹೇಳುವುದು ಅದಕ್ಕಾಗಿಯೇ. ಆದ್ದರಿಂದ ಹುಡುಗನ ಸಂಬಳದಿಂದ ಏನು ಕೊಳ್ಳಬೇಕೆಂಬುದನ್ನು ಕಾರ್ಡುಗಳನ್ನಿಟ್ಟು ಅವನನ್ನೇ ಕೇಳುತ್ತೇವೆ. ಪ್ರತಿ ತಿಂಗಳೂ ಉತ್ತರ ಒಂದೇ, ಬ್ಯಾಟರಿ.

ಆಟಿಸಂನ ಪ್ರಮಾಣವನ್ನು ಅಳೆಯಲು ನಮ್ಮ ದೇಶದಲ್ಲಿ ನಲವತ್ತು ಪ್ರಶ್ನೆಗಳ ಭಾರತೀಯ ಮಾನದಂಡವೊಂದಿದೆ. ಶೇಕಡಾ 40 ಅಥವಾ ಮೇಲ್ಪಟ್ಟರೆ ಪ್ರಮಾಣಪತ್ರದಿಂದ ಹಲವು ಸೌಲಭ್ಯಗಳು ದೊರೆಯುತ್ತವೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80 ಡಿಡಿ ಎಂದು ಪ್ರಸಿದ್ಧವಾದ ವಿನಾಯಿತಿ 75,000 ರೂಪಾಯಿ, ತೀವ್ರ ಊನಕ್ಕೆ 1,25,000. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಇದು ಇಲ್ಲ, ಆದ್ದರಿಂದ ಲೆಕ್ಕ ಹಾಕಿಯೇ ಆಯ್ಕೆ ಮಾಡಬೇಕು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯು ವರ್ಷಕ್ಕೆ ಒಂದು ಲಕ್ಷದವರೆಗೆ, ಮುಂಚಿತ ವೈದ್ಯಕೀಯ ಪರೀಕ್ಷೆಯಿಲ್ಲದೆ ಸಿಗುತ್ತದೆ. ಕೇಂದ್ರ ಸರಕಾರದ ನೌಕರರಿಗೆ, ಊನವಿರುವ ಅವಲಂಬಿತರ ಆರೈಕೆ ಮಾಡುವವರಾಗಿದ್ದಲ್ಲಿ, ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ನೀಡುವ ಆದೇಶ 2014ರಲ್ಲಿ ಹೊರಟಿದೆ. ಭವಿಷ್ಯ ನಿಧಿಯ 1995ರ ಪಿಂಚಣಿ ಯೋಜನೆಯಲ್ಲಿ ಶಾಶ್ವತವಾಗಿ ಸಂಪೂರ್ಣ ಊನವುಳ್ಳ ಮಗುವಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿಯುಂಟು, ಆದರೆ ಅದಕ್ಕೆ ಬೇಕಾದ ಪತ್ರಗಳನ್ನು ತಂದೆ ಸೇವೆಯಲ್ಲಿದ್ದಾಗಲೇ ಸೇರಿಸಿಡುವುದು ಜಾಣತನ. ಇನ್ನೊಂದು ಮಾತು. ಠೇವಣಿಗೆ ನಾಮಿನಿ ಬರೆಸಿದ್ದೇವೆ, ಇನ್ನು ಚಿಂತೆಯಿಲ್ಲ ಎನ್ನುವವರನ್ನು ನಾನು ದಿನವೂ ಕಾಣುತ್ತೇನೆ. ನಾಮಿನಿಯು ಹಣವನ್ನು ಪಡೆಯಲು ಅರ್ಹನೇ ಹೊರತು ಅದರ ಒಡೆಯನಲ್ಲ. ಇಂಥ ಮಗುವಿರುವ ಮನೆಯಲ್ಲಿ ಮೃತ್ಯುಪತ್ರ ಇರಲೇಬೇಕು.

ಭಾವನವರ ನಿವೃತ್ತಿಗೆ ಇನ್ನು ಮೂರು ವರ್ಷ. ಆ ದಿನ ಕ್ವಾರ್ಟರ್ಸು ಬಿಡಬೇಕು. ಅದರೊಂದಿಗೆ ಕಾಕೂ, ಗಣೇಶ ಮಂಡಳದ ಹುಡುಗರು, ಝೆರಾಕ್ಸ್ ಅಂಗಡಿ, ಐವತ್ತೆಂಟು ಡಬ್ಬಿಗಳ ಗಾಡಿ ಎಲ್ಲವೂ ಹೋಗುತ್ತವೆ. ಧಾರವಾಡಕ್ಕೆ ಹೋದರೆ ಭಾಷೆ ಉಂಟು, ಪರಿಚಯದವರಿಲ್ಲ, ಅಜ್ಜಿಯೂ ಈಗಿಲ್ಲ. ಖಾಪರಖೇಡಾದಲ್ಲಿಯೇ ಬಾಡಿಗೆ ಮನೆ ಹಿಡಿದರೆ ಪರಿಚಯದವರುಂಟು, ಬಂಧುಗಳೆಂದರೆ ನಾಗಪುರದಲ್ಲಿರುವ ನಾನೊಬ್ಬನೇ. ಹದಿನೆಂಟು ವರ್ಷ ಕಟ್ಟಿದ ಪರಿಚಯವನ್ನು ಕಳೆದುಕೊಳ್ಳುವುದು ಬೇಡವೆಂದು ಅಕ್ಕ ಅಲ್ಲಿಯೇ ಉಳಿಯಲು ನಿಶ್ಚಯಿಸಿದ್ದಾಳೆ. ಊರಿನ ಬಂಧುಗಳಿಗೆ ಇದು ಅರ್ಥವಾಗಿಲ್ಲ. ತಾಯಿತಂದೆಯರ ಜೊತೆಗೆ ನನ್ನ ಹೆಸರನ್ನೂ ಸೇರಿಸಿ ಪಾಲಕತ್ವದ ಅರ್ಜಿಯನ್ನು ನಾಗಪುರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟಾಗಿದೆ.

ಅರ್ಜಿಗೆ ಬೇಕಾದ ಪತ್ರಗಳನ್ನು ಜೋಡಿಸುವಾಗ ಅಕ್ಕ ಉದ್ದನೆಯ ನೋಟುಬುಕ್ಕೊಂದನ್ನು ನನ್ನ ಮುಂದಿಟ್ಟಳು. ಕಳೆದ ಆರು ವರ್ಷಗಳಿಂದ ಬರೆದದ್ದು. ಅನ್ನ ಸಾರಿಗೆ ತಾಗಬಾರದು. ಹಲ್ಲುನೋವಾದರೆ ಬಾಯಿ ತೋರಿಸುವುದಿಲ್ಲ, ಬಲಗಿವಿ ಎಳೆದುಕೊಳ್ಳುತ್ತಾನೆ. ಕೂದಲು ಕತ್ತರಿಸುವ ಮುಂಚೆ ಕತ್ತರಿಯನ್ನು ಅವನ ಕೈಗೆ ಕೊಟ್ಟು ಸದ್ದು ಕೇಳಿಸಬೇಕು. ರಾತ್ರಿ ಎದ್ದು ಕೂತರೆ ಮಾತಾಡಿಸಬಾರದು, ಬೆನ್ನಿನ ಮೇಲೆ ಅಂಗೈ ಒತ್ತಿ ಹಿಡಿಯಬೇಕು, ಸವರಬಾರದು. ಹೀಗೆ ನೂರಾ ನಲವತ್ತು ಪುಟಗಳು, ಎಲ್ಲವೂ ಧಾರವಾಡದ ಕನ್ನಡದಲ್ಲಿ. "ನಾಳೆ ಇದನ್ನ ಓದವರು ಇಲ್ಲಿ ಯಾರದಾರಪಾ?" ಎಂದು ಕೇಳಿದಳು. ಈಗ ಪ್ರತಿ ರವಿವಾರ ಮಧ್ಯಾಹ್ನ ನಾನು ಖಾಪರಖೇಡಾಕ್ಕೆ ಹೋಗುತ್ತೇನೆ. ಅಕ್ಕ ಓದುತ್ತಾಳೆ, ನಾನು ನನಗೆ ಬರುವಷ್ಟು ಮರಾಠಿಯಲ್ಲಿ ಹೇಳುತ್ತೇನೆ, ಕಾಕೂ ಅವರ ಮೊಮ್ಮಗಳು ತಿದ್ದಿ ಬರೆದುಕೊಳ್ಳುತ್ತಾಳೆ. ಬರೆದ ಹಾಳೆಗಳನ್ನು ಹುಡುಗ ಪುಟಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಪಿನ್ನು ಹೊಡೆಯುತ್ತಾನೆ. ಅರವತ್ತೆರಡನೆಯ ಪುಟದವರೆಗೆ ಆಗಿದೆ.